ಭಾನುವಾರದ ಭೇಟಿ: ದುಡ್ಡಿನ ದುರಾಸೆಗೆ ಚಾಟಿ ಬೀಸಿದ ಚಿತ್ರಗಳು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 7ಕ್ಕೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸೇರಿ, ದುಡ್ಡಿನ ದುರಾಸೆಯನ್ನು ಅಣಕಿಸುವ ವ್ಯಂಗ್ಯಚಿತ್ರಗಳನ್ನು ನೋಡೋಣ.

ನಾನು ತರುವುದು 1819ರ ಒಂದು ಅಚ್ಚುಚಿತ್ರದ ಪ್ರತಿ. ಲಂಡನ್ನಿನ ವ್ಯಂಗ್ಯಚಿತ್ರಕಾರ ಜಾರ್ಜ್ ಕ್ರೂಕ್‌ಶಾಂಕ್ ಬಿಡಿಸಿದ ಅಣಕು ನೋಟು ಅದು. 1797ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿ, 1 ಮತ್ತು 2 ಪೌಂಡಿನ ಕಾಗದದ ನೋಟು ಹೊರಡಿಸಿತು. ಅವನ್ನು ನಕಲು ಮಾಡುವುದು ಬಹಳ ಸುಲಭವಾಗಿತ್ತು. ಅಂಥ ನಕಲಿ ನೋಟು ಚಲಾಯಿಸಿ ಸಿಕ್ಕಿಬಿದ್ದ ಬಡವರನ್ನು ಗಲ್ಲಿಗೆ ಹಾಕಿದರು, ನೂರಾರು ಜನರನ್ನು! ಚಿತ್ರದಲ್ಲಿ ಹೆಣಗಳು ಸಾಲಾಗಿ ನೇತಾಡುತ್ತವೆ. ಪೌಂಡ್ ಗುರುತೇ ನೇಣಿನ ಹಗ್ಗ. ಸಹಿ ಗಲ್ಲಿಗೇರಿಸುವವನದು. ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸುಲಭವಾಗಿ ನಕಲಾಗುವ ಕಳಪೆ ನೋಟು ಅಚ್ಚು ಹಾಕಿದ ಬ್ಯಾಂಕಿನವರಿಗೆ ಶಿಕ್ಷೆಯೇ ಆಗಲಿಲ್ಲ.

ಇಂಗ್ಲೆಂಡಿನ ಕಲಾವಿದ ವಿಲಿಯಂ ಹೋಗಾರ್ತ್ 1721ರಲ್ಲಿ ಷೇರು ಹುಚ್ಚಿನ ಬಗ್ಗೆ ಬಿಡಿಸಿದ್ದೂ ಇದೆ. ಅದರಲ್ಲಿ ಜನ ಜಾತ್ರೆಯಲ್ಲಿರುವಂಥ ರಾಟೆಯ ಮೇಲೆ ಕೂತು ಸುತ್ತುತ್ತಿದ್ದಾರೆ.

ಮಂಡ್ಯದಿಂದ ಬರುವವರಿಗೆ ಒಂದು ಮಾತು. ಮೀಟರ್ ಬಡ್ಡಿ ಕಾಟ ನಮಗೇನು ಹೊಸದಲ್ಲ. ಮೈಕ್ರೋ ಫೈನಾನ್ಸ್ ಕಿರುಕುಳ ಜಾಸ್ತಿಯಾಗಿ 2025ರಲ್ಲಿ ಸರ್ಕಾರವೇ ಸುಗ್ರೀವಾಜ್ಞೆ ತರಬೇಕಾಯಿತು ಅಲ್ವಾ? ನಿಮ್ಮ ಊರಲ್ಲಿ ಕಂಡದ್ದನ್ನು ಬಿಡಿಸಿ ತನ್ನಿ. ಪೆನ್ಸಿಲ್ ಗೆರೆಯಾದರೂ ಸಾಕು. ಸಾಲ ಮಾಡಿದವರ ಹೆಸರು, ಮುಖ ಮಾತ್ರ ಬೇಡ.

ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.