ಮುಳ್ಳೂರಿನ ಶಾಸನಗಳ ಪಕ್ಕದಲ್ಲಿ ಇಂದಿನ ಕನ್ನಡದ ಫಲಕವಿರಲಿ

ಮಾನ್ಯ ಸಂಪಾದಕರೇ,

ಈ ಬಾರಿಯ ರಜೆಯಲ್ಲಿ ಮನೆಮಂದಿಯೆಲ್ಲ ಸೇರಿ ದೂರದ ಊರುಗಳಿಗೆ ಹೋಗದೆ, ನಮ್ಮ ಕೊಡಗು ಜಿಲ್ಲೆಯ ಪುರಾತನ ಸ್ಮಾರಕಗಳನ್ನೇ ನೋಡಿ ಬರುವ ಪ್ರವಾಸ ಕೈಗೊಂಡಿದ್ದೆವು. ಕಕ್ಕಬ್ಬೆ ಬಳಿಯ ನಾಲ್ಕುನಾಡು ಅರಮನೆ, ಮಡಿಕೇರಿಯ ಕೋಟೆ ಮತ್ತು ಅರಸರ ಸಮಾಧಿಗಳಾದ ಗದ್ದಿಗೆಗಳನ್ನು ಮೊದಲು ನೋಡಿ, ಕೊನೆಯ ದಿನವನ್ನು ಶನಿವಾರಸಂತೆ ಸಮೀಪದ ಮುಳ್ಳೂರಿನ ಜೈನ ಬಸದಿಗಳಿಗಾಗಿ ಇಟ್ಟುಕೊಂಡೆವು. ನೋಡಿದವುಗಳಲ್ಲೆಲ್ಲ ಅತ್ಯಂತ ಹಳೆಯದು ಅದೇ ಆಗಿದ್ದರೂ, ಅಲ್ಲಿಂದಲೇ ನಾವು ಏನೂ ತಿಳಿಯದೆ ಹಿಂದಿರುಗಬೇಕಾಯಿತು. ಈ ಕೊರತೆಯನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ.

ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ ಬಸದಿಗಳು ಇಲ್ಲಿ ಒಂದೆಡೆಯೇ ಇವೆ. ಆವರಣದಲ್ಲಿದ್ದ ಶಾಸನದ ಕಲ್ಲೊಂದರ ಅಕ್ಷರಗಳ ಒಳಗೆಲ್ಲ ಪಾಚಿ ಒಣಗಿ ಕಪ್ಪಾಗಿತ್ತು. ನಡುವಿನ ಎರಡು ಮೂರು ಸಾಲುಗಳ ಮೇಲೆ, ಓದುವ ಆಸೆಯಿಂದ ಯಾರೋ ಸೀಮೆಸುಣ್ಣ ಉಜ್ಜಿದ ಗುರುತು ಉಳಿದಿತ್ತು. "ಇದು ಕನ್ನಡವೇ ತಾನೇ? ಏನು ಬರೆದಿದೆ, ಓದಿ ಹೇಳು ಪುಟ್ಟಿ" ಎಂದು ನಮ್ಮ ಅತ್ತೆಯವರು ಕೇಳಿದಾಗ, ಏಳನೆಯ ತರಗತಿಯ ನನ್ನ ಮಗಳು ಬೆರಳಿಟ್ಟು ಒಂದು ‘ಗ’ವನ್ನೂ ಒಂದು ‘ನ’ವನ್ನೂ ಗುರುತಿಸಿ ಅಲ್ಲಿಗೇ ನಿಂತಳು. ದೊಡ್ಡವರಾದ ನಮ್ಮಿಂದಲೂ ಅದಕ್ಕಿಂತ ಹೆಚ್ಚಿನದು ಆಗಲಿಲ್ಲ. ನಮ್ಮ ಕಣ್ಣಿಗೆ ಬಿದ್ದ ಒಂದೇ ಫಲಕವು, ಇದು ಸಂರಕ್ಷಿತ ಸ್ಮಾರಕವೆಂದೂ ಹಾನಿ ಮಾಡಿದವರಿಗೆ ಶಿಕ್ಷೆಯುಂಟೆಂದೂ ಎಚ್ಚರಿಸುತ್ತಿತ್ತು. ಪ್ರಾಚೀನ ಸ್ಮಾರಕಗಳ ರಕ್ಷಣೆಯ 1958ರ ಕಾಯಿದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯಂತೆ ಈ ಶಿಕ್ಷೆ ಎರಡು ವರ್ಷದವರೆಗಿನ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗಿನ ದಂಡದಷ್ಟು ಕಠಿಣವಾಗಿದೆ. ಅಷ್ಟು ಬೆಲೆಯುಳ್ಳದ್ದು ಅಲ್ಲಿ ಏನಿದೆ ಎಂಬುದನ್ನೂ ಜನರಿಗೆ ಹೇಳಬೇಡವೇ?

ಹೇಳುವುದಕ್ಕಂತೂ ಬೇಕಾದಷ್ಟಿದೆ. ಕೊಡಗಿನ ಇತಿಹಾಸವೆಂದರೆ ಹಾಲೇರಿ ಅರಸರಿಂದ ಆರಂಭವಾಗಿ, 1834ರಲ್ಲಿ ಚಿಕ್ಕವೀರರಾಜೇಂದ್ರನ ಪದಚ್ಯುತಿಯೊಂದಿಗೆ ಮುಗಿಯುವ ಕಥೆಯೆಂದೇ ನಮ್ಮಲ್ಲಿ ಹಲವರ ತಿಳಿವಳಿಕೆ. ಆದರೆ ಆ ವಂಶಕ್ಕಿಂತ ಐದು ಶತಮಾನಗಳಿಗೂ ಹಿಂದೆ ಕೊಡಗಿನ ಉತ್ತರ ಭಾಗವನ್ನೂ ಅರಕಲಗೂಡು ಸೀಮೆಯನ್ನೂ ಕೊಂಗಾಳ್ವರು ಆಳುತ್ತಿದ್ದರು. ಪಣಸೋಗೆಯ ಕಾಳಗದಲ್ಲಿ ಮೆರೆದ ಶೌರ್ಯಕ್ಕಾಗಿ ಮನಿಜ ಎಂಬ ವೀರನಿಗೆ ‘ಕ್ಷತ್ರಿಯ ಶಿಖಾಮಣಿ ಕೊಂಗಾಳ್ವ’ ಎಂಬ ಬಿರುದನ್ನೂ ಮಾಳಂಬಿ ಎಂಬ ಊರನ್ನೂ ರಾಜರಾಜ ಚೋಳನು ಕೊಡಿಸಿದನು. ಮುಳ್ಳೂರಿನ ಶಾಸನಗಳು ಈ ಮನೆತನದವೇ. ರಾಜೇಂದ್ರ ಕೊಂಗಾಳ್ವನು ತನ್ನ ತಂದೆ ಕಟ್ಟಿಸಿದ್ದ ಬಸದಿಗೆ 1058ರಲ್ಲಿ ಭೂಮಿಯನ್ನು ದತ್ತಿ ಬಿಟ್ಟದ್ದು, ಅವನ ತಾಯಿ ಪೋಚಬ್ಬರಸಿ ತಾನೂ ಬಸದಿಯನ್ನು ಕಟ್ಟಿಸಿ ತನ್ನ ಗುರು ಗುಣಸೇನ ಪಂಡಿತರ ಮೂರ್ತಿಯನ್ನು ಮಾಡಿಸಿದ್ದು, ಆ ಗುರುಗಳು ಊರವರಿಗಾಗಿ ಬಾವಿ ತೋಡಿಸಿದ್ದು, 1064ರಲ್ಲಿ ಅವರು ದೇಹತ್ಯಾಗ ಮಾಡಿದ್ದು ಇವೆಲ್ಲ ಆ ಕಲ್ಲುಗಳಿಂದಲೇ ತಿಳಿದುಬಂದ ಸಂಗತಿಗಳು. ಯುದ್ಧ, ಪಟ್ಟಾಭಿಷೇಕಗಳ ವಿವರಕ್ಕಿಂತ, ಒಬ್ಬ ರಾಣಿ, ಅವಳ ಗುರು ಮತ್ತು ಊರಿನ ಒಂದು ಬಾವಿಯ ಈ ಕಥೆ ಮಕ್ಕಳ ಮನಸ್ಸಿಗೆ ಬೇಗ ಹತ್ತುತ್ತದೆ ಎಂಬುದು ನನ್ನ ಅನಿಸಿಕೆ.

ಇದಕ್ಕಾಗಿ ಯಾರೂ ಹೊಸದಾಗಿ ಸಂಶೋಧನೆ ನಡೆಸಬೇಕಾಗಿಲ್ಲ. ಬಿ.ಎಲ್. ರೈಸ್ ಅವರು 1886ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹಮಾಲೆಯ ಮೊಟ್ಟಮೊದಲ ಸಂಪುಟವೇ ಕೊಡಗಿನ ಶಾಸನಗಳದ್ದು. ಮೈಸೂರಿನಲ್ಲಿ 1972ರಲ್ಲಿ ಅದರ ಪರಿಷ್ಕೃತ ಆವೃತ್ತಿಯೂ ಬಂದಿದೆ. ಅಚ್ಚಾಗಿರುವ ಆ ಪಾಠವನ್ನು ಮೇಲೆ ಕೊಟ್ಟು, ಕೆಳಗೆ ಇಂದಿನ ಕನ್ನಡದಲ್ಲಿ ಅದರ ತಾತ್ಪರ್ಯವನ್ನೂ ಯಾವ ಬಸದಿ ಯಾವುದೆಂಬ ಸಣ್ಣ ನಕ್ಷೆಯನ್ನೂ ಕೊಟ್ಟರೆ ಸಾಕು. ಓದಲು ಪಕ್ಕದಲ್ಲೇ ಫಲಕವಿದ್ದರೆ ಕಲ್ಲಿಗೆ ಸೀಮೆಸುಣ್ಣ ಉಜ್ಜುವವರೂ ಕಡಿಮೆಯಾದಾರು.

ಮುಳ್ಳೂರನ್ನು ಇನ್ನೊಂದು ಅಬ್ಬಿ ಜಲಪಾತವಾಗಿಸಿ ಎಂದು ನಾನು ಕೇಳುತ್ತಿಲ್ಲ. ವಾರಾಂತ್ಯದ ವಾಹನದಟ್ಟಣೆಯಿಂದ ಜಿಲ್ಲೆ ಈಗಾಗಲೇ ಸಾಕಷ್ಟು ಬಸವಳಿದಿದೆ. ಬೇಲೂರು, ಹಳೇಬೀಡಿಗೆ ಮಕ್ಕಳನ್ನು ಕರೆದೊಯ್ಯುವ ನಮ್ಮ ಶಾಲೆಗಳು ವರ್ಷಕ್ಕೊಮ್ಮೆಯಾದರೂ ಇಲ್ಲಿಗೆ ಬರುವಂತಾದರೆ ಅಷ್ಟೇ ಸಾಕು.

ಸಂಬಂಧಪಟ್ಟ ಇಲಾಖೆಯು ಮುಂದಿನ ಮಳೆಗಾಲಕ್ಕೆ ಮುಂಚೆ ಕಲ್ಲುಗಳ ಪಾಚಿಯನ್ನು ತಜ್ಞರಿಂದಲೇ ತೆಗೆಸಿ ಫಲಕವನ್ನು ನಿಲ್ಲಿಸಬೇಕೆಂದು ವಿನಂತಿ. ಅನುಮತಿ, ಅನುದಾನಗಳಿಗೆ ಕಾಲ ಹಿಡಿಯುವುದಾದರೆ, ಆ ಸಂಪುಟದ ಮುಳ್ಳೂರಿನ ಪುಟಗಳ ಜೆರಾಕ್ಸ್ ಪ್ರತಿಯೊಂದನ್ನು ಲ್ಯಾಮಿನೇಟ್ ಮಾಡಿಸಿ, ಕೇಳಿದವರಿಗೆ ತೋರಿಸಲು ಅಲ್ಲಿನ ಸಿಬ್ಬಂದಿಯ ಕೈಗೆ ಕೊಡುವ ಕೆಲಸವನ್ನಾದರೂ ಈ ತಿಂಗಳೇ ಮಾಡಬಹುದು.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ವಿರಾಜಪೇಟೆ