ಶೀನನಿಗೆ, ಮೂಗು ಮುರಿದ ವಿಮಾನದ ಸಮಾಚಾರ

ಪ್ರೀತಿಯ ಶೀನ,

ಮೊನ್ನೆ ಫೋನಿನಲ್ಲಿ ನೀನು "ವಿಮಾನ ಏನಾಯ್ತೋ?" ಅಂತ ಕೇಳಿದೆ. "ಹಾರಿತು, ಬಿತ್ತು, ಅಂಟಿಸ್ತಾ ಇದೀನಿ" ಅಂತ ನಾನು ಮೂರೇ ಮಾತಿನಲ್ಲಿ ಮುಗಿಸಿಬಿಟ್ಟೆ. ಪೂರ್ತಿ ಕತೆ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಬ್ಯಾಚಿನವರೆಲ್ಲ ಓದುತ್ತಾರೆ, ಓದಲಿ. ಬಕೆಟ್ ವಿಷಯ ಮಾತ್ರ ಎತ್ತುವುದಿಲ್ಲ, ಹೆದರಬೇಡ.

ರಿಮೋಟಿನಲ್ಲಿ ಹಾರಿಸುವ ಆಟದ ವಿಮಾನ, ನಾನೇ ಕೈಯಾರೆ ಮಾಡಿದ್ದು. 5 ಮಿ.ಮೀ. ಫೋಮ್ ಬೋರ್ಡ್ ಕತ್ತರಿಸಿ, ಮಡಿಸಿ, ಅಂಟಿಸಿ ಮಾಡಿದೆ. ರೆಕ್ಕೆ ಈ ತುದಿಯಿಂದ ಆ ತುದಿಗೆ 120 ಸೆಂ.ಮೀ., ಅಗಲ 20 ಸೆಂ.ಮೀ. ಮೂಗಿನಲ್ಲಿ 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಸಾವಿರ ಸುತ್ತು) ಮೋಟಾರು, 10 ಇಂಚಿನ ಪ್ರೊಪೆಲ್ಲರ್. ಹೊಟ್ಟೆಯಲ್ಲಿ ಮೂರು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ. ಎಲ್ಲ ಸೇರಿ 850 ಗ್ರಾಂ. ಬಾಲಕ್ಕೆ ಹಳದಿ ಕೆಂಪು ಟೇಪು ಸುತ್ತಿದ್ದು ನನ್ನ ಮಗಳು ಪುಟ್ಟಿ. ಈಗ ಆರನೇ ಕ್ಲಾಸು. ಎರಡು ತಿಂಗಳು ಭಾನುವಾರ ಬಂದರೆ ಅವಳೂ ನಾನೂ ಹಜಾರದ ನೆಲದ ಮೇಲೆ.

ಬೆಂಗಳೂರಿನಲ್ಲಿದ್ದಾಗ ಹಾರಿಸೋಕೆ ಜಾಗ ಎಲ್ಲಿತ್ತು? ಆ ಕಡೆ ಎಚ್‌ಎಎಲ್, ಈ ಕಡೆ ಜಕ್ಕೂರು, ಯಲಹಂಕ. ನಿಜವಾದ ವಿಮಾನಗಳ ದಾರಿಯಲ್ಲಿ ನಮ್ಮ ಆಟ ಆಡುವ ಹಾಗಿಲ್ಲ. ಇಲ್ಲಿ ಹಾಗಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿ ಅಂಗಳ ಬಟಾಬಯಲು. ಬೆಳಿಗ್ಗೆ ಆರೂಕಾಲಕ್ಕೆ ಹೋದರೆ ಗಾಳಿ ಇನ್ನೂ ಎದ್ದಿರುವುದಿಲ್ಲ. ಕೈಯಲ್ಲಿ ಒಂದು ಹಿಡಿ ಧೂಳು ತೆಗೆದುಕೊಂಡು ಬಿಟ್ಟರೆ ಕಾಲ ಬುಡಕ್ಕೇ ಬೀಳುತ್ತದೆ.

ಮೊದಲ ಭಾನುವಾರ ಎಲ್ಲ ಕ್ರಮವಾಗಿ ಮಾಡಿದೆ. ರಿಮೋಟಿನ ಸ್ಟಿಕ್ ಆಡಿಸಿ, ಐಲೆರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ) ಯಾವ ಕಡೆ ಏಳುತ್ತದೆ ನೋಡಿದೆ. ರೆಕ್ಕೆಯ ಕೆಳಗೆ ಎರಡೂ ಬದಿ ಬೆರಳು ಕೊಟ್ಟು ಎತ್ತಿದೆ. ಮುಂದಿನ ಅಂಚಿನಿಂದ ಐದೂವರೆ ಸೆಂ.ಮೀ. ಹಿಂದೆ, ಪೆನ್ನಿನಲ್ಲಿ ಗುರುತು ಮಾಡಿದ ಕಡೆ. ತಕ್ಕಡಿ ಹಾಗೆ ಸಮ ನಿಂತಿತು. ಪುಟ್ಟಿ ಎಸೆದಳು, ಎದ್ದುಬಿಟ್ಟಿತು!

ನನ್ನ ಮೊಣಕಾಲು ಗಡಗಡ. ವಿಮಾನ ದೂರ ಹೋಗುವಾಗ ಸುಲಭ. ತಿರುಗಿ ನಮ್ಮ ಕಡೆ ಬರುವಾಗ ಎಡ ಬಲ ಅದಲು ಬದಲು ಆಗುತ್ತದೆ. ಯಾವ ರೆಕ್ಕೆ ಕೆಳಗಿಳಿದಿದೆಯೋ ಆ ಕಡೆಗೇ ಸ್ಟಿಕ್ ತಳ್ಳಬೇಕು, ಆಸರೆ ಕೊಟ್ಟ ಹಾಗೆ. ಅದನ್ನು ಬಾಯಲ್ಲಿ ಮಂತ್ರದ ಹಾಗೆ ಹೇಳಿಕೊಳ್ಳುತ್ತಾ ನಾಲ್ಕು ನಿಮಿಷ ಹಾರಿಸಿದೆ. ಬೆಳಗಿನ ಬಿಸಿಲು ರೆಕ್ಕೆಯಡಿ ಬಿದ್ದು, ಒಳಗಿನ ಅಡ್ಡಪಟ್ಟಿಯ ನೆರಳು ಕಾಣುತ್ತಿತ್ತು. ಪುಟ್ಟಿ ಅದರ ಕೆಳಗೇ ಓಡುತ್ತಿದ್ದಳು. ಆ ನಾಲ್ಕು ನಿಮಿಷ ನಿನಗೆ ತೋರಿಸಬೇಕಿತ್ತು ಕಣೋ.

ಇಳಿಸುವಾಗ ಏರಿ ಪಕ್ಕದ ಜಾಲಿ ಗಿಡಕ್ಕೆ ಬಾಲ ಬಡಿದು ಮುರಿಯಿತು. ಅದು ದೊಡ್ಡ ವಿಷಯವೇ ಅಲ್ಲ. ಮನೆಗೆ ಬಂದವನೇ ಹಾಟ್ ಗ್ಲೂ ಗನ್ ಹಿಡಿದು ಕೂತೆ. ಇನ್ನು ಯಾವ ಕಾರಣಕ್ಕೂ ಮುರಿಯಬಾರದು ಅಂತ ಐಸ್‌ಕ್ರೀಮ್ ಕಡ್ಡಿ ಇಟ್ಟು, ಅಂಟು ಸುರಿದು, ಮೇಲೆ ಮತ್ತೆ ಅಂಟು ಸುರಿದು ಗಟ್ಟಿ ಮಾಡಿದೆ.

ಮುಂದಿನ ಭಾನುವಾರ ಅದೇ ಜಾಗ, ಅದೇ ಹೊತ್ತು. ಪುಟ್ಟಿ ಎಸೆದಳು. ವಿಮಾನ ಮೂಗು ಮೇಲೆತ್ತಿತು. ಮೂಗನ್ನು ಏರಿಸಿ ಇಳಿಸುವ ಬಾಲದ ಪಟ್ಟಿ, ಎಲಿವೇಟರ್, ತಗ್ಗಿಸಿದೆ, ಒಂದು ಕ್ಷಣ ಬಗ್ಗಿತು, ಮತ್ತೆ ಎತ್ತಿತು. ಮರದೆತ್ತರದಲ್ಲಿ ನಿಂತೇಬಿಟ್ಟಿತು. ಎಡ ರೆಕ್ಕೆ ಜಾರಿತು. ಮೋಟಾರು ಇನ್ನೂ ಕಿರುಚುತ್ತಿರುವಾಗಲೇ ನೆಲಕ್ಕೆ ಬಡಿಯಿತು.

ನಾನು ತಿರುಗಿ ನೋಡಿದವನು ಹೇಳಿದ ಮೊದಲ ಮಾತು, "ನೀನು ಸರಿಯಾಗಿ ಎಸೀಲಿಲ್ಲ."

ಅವಳು ಏನೂ ಹೇಳಲಿಲ್ಲ. ತನ್ನ ಬಲಗೈಯನ್ನೇ ನೋಡಿಕೊಂಡಳು. ಆಮೇಲೆ ಹೋಗಿ ಚೂರುಗಳನ್ನು ಆರಿಸತೊಡಗಿದಳು.

ಮನೆಗೆ ಬಂದು ಬ್ಯಾಟರಿಯನ್ನು ಹಿತ್ತಲಲ್ಲಿ ಮಣ್ಣಿನ ಕುಂಡದೊಳಗಿಟ್ಟೆ. ಪೆಟ್ಟು ಬಿದ್ದ ಲಿಪೊ ಸ್ವಲ್ಪ ಹೊತ್ತು ಬಿಟ್ಟು ಹೊತ್ತಿಕೊಳ್ಳುವುದುಂಟು, ಮನೆಯೊಳಗೆ ಇಡಬಾರದು. ಮೂಗು ಅಪ್ಪಚ್ಚಿ. ಮೋಟಾರು ಕೂರಿಸಿದ್ದ ಪ್ಲೈವುಡ್ ಹಲಗೆ ಸೀಳಿತ್ತು. ಪ್ರೊಪೆಲ್ಲರಿನ ಒಂದು ಎಸಳು ಸಿಗಲೇ ಇಲ್ಲ. ಬಾಲ ಮಾತ್ರ ಸ್ವಲ್ಪವೂ ಅಲ್ಲಾಡಿರಲಿಲ್ಲ. ಅದನ್ನು ಬಿಚ್ಚಿ ಸುಮ್ನೆ ಅಡುಗೆಮನೆಯ ತಕ್ಕಡಿ ಮೇಲಿಟ್ಟೆ. ಮಾಡುವಾಗ ಒಂದೊಂದು ಭಾಗದ ತೂಕವನ್ನೂ ಅದರ ಮೇಲೇ ಬರೆದಿದ್ದೆನಲ್ಲ, ಅದಕ್ಕಿಂತ 35 ಗ್ರಾಂ ಜಾಸ್ತಿ.

35 ಗ್ರಾಂ ಏನು ಮಹಾ ಅನ್ನಬೇಡ. ಬಾಲ ಇರುವುದು ತೂಕದ ನಡುವಿನಿಂದ 60 ಸೆಂ.ಮೀ. ಹಿಂದೆ. ಮೂಗು ಬರೀ 20 ಸೆಂ.ಮೀ. ಮುಂದೆ. ಬಾಲದಲ್ಲಿ ಒಂದು ಗ್ರಾಂ ಹಾಕಿದರೆ ಮೂಗಿಗೆ ಮೂರು ಗ್ರಾಂ ಹಾಕಬೇಕು. ಅಂದರೆ ನೂರು ಗ್ರಾಂ ದಾಟಿತು. ಐದೂವರೆಯಲ್ಲಿ ನಿಲ್ಲಬೇಕಾದ ತೂಕ ಎಂಟರ ಹತ್ತಿರಕ್ಕೆ ಸರಿದಿತ್ತು. ಮೂಗು ಭಾರವಾದರೆ ವಿಮಾನ ಕಷ್ಟಪಟ್ಟಾದರೂ ಹಾರುತ್ತದೆ. ಬಾಲ ಭಾರವಾದರೆ ಯಾರ ಕೈಗೂ ಸಿಗುವುದಿಲ್ಲ. ಆ ಹುಡುಗಿ ಹೇಗೆ ಎಸೆದಿದ್ದರೂ ಅದು ಬೀಳುವುದೇ. ಬೆರಳು ಕೊಟ್ಟು ನೋಡಿದ್ದರೆ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತಿತ್ತು. ನಾನು ನೋಡಲಿಲ್ಲ.

ಇಲ್ಲಿಗೆ ನಿಲ್ಲಿಸಬೇಕು ಅಂತಲೇ ಕೂತಿದ್ದೆ, ಶೀನ. ಆದರೆ ಆ ತಕ್ಕಡಿ ಮುಂದೆ ನಿಂತಾಗ ನನಗೆ ನೆನಪಾದದ್ದು ನೀನು.

2009. ಕಾಲೇಜಿನ ಮೈದಾನ, ಶಾಮಿಯಾನ, ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿಗಳು. ಐದು ಜನ ನಾಲ್ಕು ತಿಂಗಳು ಮಾಡಿದ, ಬಾಲ್ಸಾ ಅನ್ನುವ ಹಗುರ ಮರದ ವಿಮಾನ. ನೀನು ಎಸೆದೆ. ಮೂಗೆತ್ತಿತು, ನಿಂತಿತು, ಬಿತ್ತು. ನಾನು ರಿಮೋಟ್ ಹಿಡಿದುಕೊಂಡೇ ಎಲ್ಲರಿಗೂ ಕೇಳುವ ಹಾಗೆ ಕೂಗಿದೆ, "ಶೀನ ಸರಿಯಾಗಿ ಎಸೀಲಿಲ್ಲ." ಅಕ್ಷರ ಅಕ್ಷರ ಅದೇ ಮಾತು.

ಹಿಂದಿನ ರಾತ್ರಿ ನೀವೆಲ್ಲ ಮಲಗಿದ ಮೇಲೆ ಮೂಗಿನೊಳಗಿನ ಸೀಸದ ಗುಂಡು ಎರಡನ್ನೂ ತೆಗೆದಿದ್ದು ನಾನು. ಹಗುರ ಆದರೆ ಚೆನ್ನಾಗಿ ಏಳುತ್ತದೆ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ, ಬೆಳಿಗ್ಗೆ ತೂಗಿಯೂ ನೋಡಲಿಲ್ಲ. ಬಿದ್ದ ದಿನ ಸಂಜೆ ಪ್ಯಾಂಟ್ ಬದಲಿಸುವಾಗ ಜೇಬಿನಿಂದ ಸೀಸ ಟಣ್ ಅಂತ ನೆಲಕ್ಕೆ ಬಿತ್ತು. ಆಗಲೇ ನನಗೆ ಎಲ್ಲ ಗೊತ್ತಾಯಿತು. ಹಾಸ್ಟೆಲಿನ ಹಿಂದಿನ ಬೇಲಿಯಾಚೆ ಅವನ್ನು ಎಸೆದು ಬಂದು, ನಿನ್ನ ಪಕ್ಕ ಕೂತು ಊಟ ಮಾಡಿದೆ.

ಫೇರ್‌ವೆಲ್ ತನಕ ಎಲ್ಲರೂ ನಿನ್ನನ್ನು "ಎಸೆತಗಾರ" ಅಂದರು. ನೀನು ನಕ್ಕೆ. ಆಮೇಲೆ ತಿಪ್ಪಸಂದ್ರದ ರೂಮಿನಲ್ಲಿ ಎರಡು ವರ್ಷ ಒಂದೇ ಚಾಪೆ ಮೇಲೆ ಮಲಗಿದೆವು. ಹೇಳಬಹುದಿತ್ತು, ಹೇಳಲಿಲ್ಲ. ನೀನು ಮತ್ತೆ ವಿಮಾನ ಮುಟ್ಟಲಿಲ್ಲ. ಕೇಳಿದರೆ "ಕೆಲಸ ಜಾಸ್ತಿ ಕಣೋ" ಅಂದೆ. ಅದು ನಿಜವಾದ ಕಾರಣ ಅಲ್ಲ ಅಂತ ನನಗೆ ಗೊತ್ತಿತ್ತು. ನಂಬಿದವನ ಹಾಗೆ ಇದ್ದುಬಿಟ್ಟೆ.

ಆ ರೂಮಿನಿಂದ ದಿನಾ ಸುರಂಜನ್ ದಾಸ್ ರಸ್ತೆಯಲ್ಲೇ ನಡೆದು ಬಸ್ಸು ಹಿಡಿಯುತ್ತಿದ್ದೆವಲ್ಲ? ಆ ಹೆಸರು ಯಾರದು ಅಂತ ನಾವು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ನಮ್ಮ ದೇಶದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ ಎಚ್‌ಎಫ್-24 ಮಾರುತ್ ಅನ್ನು 1961ರ ಜೂನ್ 17ರಂದು ಅದೇ ಬೆಂಗಳೂರಿನಲ್ಲಿ ಮೊದಲ ಸಲ ಹಾರಿಸಿದವರು ಅವರು. 1970ರ ಜನವರಿಯಲ್ಲಿ ಮಾರುತ್‌ನದೇ ಇನ್ನೊಂದು ಮಾದರಿಯ ಪರೀಕ್ಷೆಯಲ್ಲಿ ತೀರಿಕೊಂಡರು. ಮಾರುತ್‌ಗೆ ಎಂಜಿನ್ ಹಾಕುವ ಮೊದಲೇ, 1959ರಲ್ಲಿ, ಅದೇ ಆಕಾರದ ಮರದ ಗ್ಲೈಡರ್ ಮಾಡಿ, ಇನ್ನೊಂದು ವಿಮಾನದಿಂದ ಎಳೆಸಿ ಮೇಲೆ ಬಿಟ್ಟು ನೋಡಿದ್ದರಂತೆ. ಇದೆಲ್ಲ ಈಚೆಗೆ ಓದಿದೆ. ಪರೀಕ್ಷೆಗೆ ಹಾರಿಸುವವನು ಕೆಳಗಿಳಿದ ಮೇಲೆ ಏನಾಯಿತು ಅಂತ ಇದ್ದದ್ದು ಇದ್ದ ಹಾಗೆ ಹೇಳಬೇಕು. ಅವನ ಅರ್ಧ ಕೆಲಸ ಅದೇ. ಅವನು ಇನ್ನೊಬ್ಬರ ಮೇಲೆ ಹಾಕಿ ಸುಮ್ಮನಾದರೆ ಮುಂದೆ ಹತ್ತುವವನು ಸಾಯುತ್ತಾನೆ. ನನ್ನದು ಬರೀ ಫೋಮಿನ ವಿಮಾನ, ಯಾರೂ ಸಾಯುವುದಿಲ್ಲ. ಆದರೂ ಪುಟ್ಟಿ ಕೈ ನೋಡಿಕೊಂಡದ್ದು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ನೀನೂ ಅವತ್ತು ಹಾಗೇ ನೋಡಿಕೊಂಡಿದ್ದೆಯಾ? ನಾನು ನಿನ್ನ ಕಡೆ ನೋಡಿರಲೇ ಇಲ್ಲ.

ನಿನ್ನ ಎಸೆತ ಸರಿಯಾಗೇ ಇತ್ತು, ಶೀನ. ತಪ್ಪು ನನ್ನದು. ಅವತ್ತು ಎಲ್ಲರೆದುರು ನಿನ್ನ ಮೇಲೆ ಹೊರಿಸಿದ್ದೆ, ಅದಕ್ಕೇ ಇದನ್ನು ಎಲ್ಲರೂ ಓದುವ ಕಡೆ ಬರೆದೆ. ಬ್ಯಾಚಿನವರು ಇನ್ನು ಆ ಹೆಸರು ಬಿಡಬೇಕು.

ಪುಟ್ಟಿಗೆ ಅದೇ ದಿನ ಸಂಜೆ ತಕ್ಕಡಿ ತೋರಿಸಿ ಹೇಳಿದೆ. ಅವಳ ಹತ್ತಿರ ವಿಮಾನದ್ದೇ ಒಂದು ನೋಟ್‌ಬುಕ್ ಇದೆ. ತಾರೀಕು ಹಾಕಿ ಬರೆದಳು: "ಬಾಲ ಭಾರ. ಎಸೆದದ್ದು ಸರಿ. ಅಪ್ಪ ಬೆರಳಿಟ್ಟು ನೋಡಲಿಲ್ಲ." ಕೆಳಗೆ ನನ್ನ ಸಹಿ ಹಾಕಿಸಿಕೊಂಡಳು.

ಸರಿ, ರಿಪೇರಿ ಕತೆ ಕೇಳು. ಅಪ್ಪಚ್ಚಿಯಾದ ಮೂಗನ್ನು ಕಟ್ಟರಿನಲ್ಲಿ ನೇರ ಗೆರೆಗೆ ಕತ್ತರಿಸಿ ತೆಗೆದೆ. ಹೊಸ ಪೆಟ್ಟಿಗೆ ಮಡಿಸಿ, ಸೇರುವ ಕಡೆ ನಾಲ್ಕು ಬಿದಿರು ಕಡ್ಡಿ ತೂರಿಸಿ ಕೂರಿಸಿದೆ. ಬಾಲದ ಅಂಟನ್ನೆಲ್ಲ ಕೆರೆದು ತೆಗೆದು, ತೆಳು ಪಟ್ಟಿ ಮತ್ತು ಟೇಪು ಮಾತ್ರ ಹಾಕಿದೆ. ಈಗ ಬರೀ 8 ಗ್ರಾಂ ಜಾಸ್ತಿ. ಅದಕ್ಕೆ ಸೀಸ ಬೇಕಾಗಲಿಲ್ಲ. ಹಳೇ ಬ್ಯಾಟರಿ ಉಬ್ಬಿಕೊಂಡಿತ್ತು, ಅಷ್ಟೇ ತೂಕದ ಹೊಸದನ್ನು ತಂದು 3 ಸೆಂ.ಮೀ. ಮುಂದಕ್ಕೆ ಕೂರಿಸಿದೆ, ಸಮ ನಿಂತಿತು. ಪ್ರೊಪೆಲ್ಲರ್ ಈ ವಾರ ಬರಬೇಕು.

ಅಮ್ಮ ಮಿಡಿ ಉಪ್ಪಿನಕಾಯಿ ಹಾಕಿದ್ದಾಳೆ, ನಿನ್ನ ಪಾಲಿನ ಬಾಟಲಿ ಬೇರೆ ಇಟ್ಟಿದ್ದಾಳೆ. ಮಳೆ ಹಿಡಿದರೆ ಕೆರೆ ತುಂಬುತ್ತದೆ, ಅಷ್ಟರೊಳಗೆ ಬಂದುಬಿಡು. ನಿನ್ನ ಕತೆಯನ್ನೂ ಪುಟ್ಟಿಗೆ ಹೇಳಿದ್ದೇನೆ. ಎಲ್ಲ ಕೇಳಿ ಅವಳು ಕೇಳಿದ್ದು ಒಂದೇ: "ಆ ಮಾಮ ಎಡಗೈಯಲ್ಲಿ ಎಸೀತಿದ್ರಾ, ಬಲಗೈಯಲ್ಲಾ?" ನೋಟ್‌ಬುಕ್ಕಿನಲ್ಲಿ ಅಷ್ಟು ಜಾಗ ಖಾಲಿ ಬಿಟ್ಟಿದ್ದಾಳೆ. ಬರೆದು ತಿಳಿಸು.

ನಿನ್ನ,
ರೂಮ್ ನಂಬರ್ 14ರವನು