ನಮ್ಮ ಅಪಾರ್ಟ್‌ಮೆಂಟ್ ಗುಂಪಿನವರಿಗೊಂದು ಮನವಿ

ಎಲ್ಲರಿಗೂ ನಮಸ್ಕಾರ.

ಮೊನ್ನೆ ರಾತ್ರಿ ಟ್ಯಾಂಕ್ ತೊಳೆಯುವ ವಿಷಯ ಇಲ್ಲಿ ಹಾಕಿದ್ದೆ. ಮೂರನೇ ಮಹಡಿಯ ಅಜ್ಜಿಗೆ ಗೊತ್ತೇ ಆಗಲಿಲ್ಲ. ಬೆಳಗ್ಗೆ ನಲ್ಲಿ ತಿರುಗಿಸಿದರೆ ನೀರಿಲ್ಲ, ಹಿಟ್ಟಿನ ಕೈ ತೊಳೆಯಲೂ ಇಲ್ಲ. ಅವರ ಫೋನ್ ನೋಡಿದೆ. ನನ್ನ ಮೆಸೇಜಿನ ಕೆಳಗೆ ಹೂವು, ದೀಪ, ಸೂರ್ಯನ ಶುಭೋದಯಗಳು 26! ಹಬ್ಬದ ದಿನ ಖಂಡಿತ ಹೇಳೋಣ. ದಿನಾ ಬೇಡ ಅಲ್ವಾ?

ನನಗೆ ಜಾಸ್ತಿ ಬೇಜಾರು ಫಾರ್ವರ್ಡ್‌ಗಳದ್ದು. ಎರಡು ಬಾಣದ ಗುರುತಿದ್ದರೆ ಅದು ಕನಿಷ್ಠ 5 ಕೈ ದಾಟಿ ಬಂದಿದೆ ಎಂದರ್ಥ. 2020ರಿಂದ ವಾಟ್ಸಾಪ್ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಬಿಡುತ್ತದೆ. ಸುಮ್ನೆ ಅಲ್ಲ ಅದು. ಮನೆಮದ್ದು, ಮಕ್ಕಳ ಕಳ್ಳರು, ಬ್ಯಾಂಕ್ ವಿಷಯ ಬಂದರೆ ವಿಚಾರಿಸದೆ ಹಾಕಬೇಡಿ. ತಪ್ಪಿ ಹಾಕಿದ್ದರೆ ಎಲ್ಲರ ಫೋನಿನಿಂದಲೂ ಅಳಿಸಬಹುದು, ಎರಡು ದಿನದವರೆಗೆ ಅವಕಾಶವಿದೆ.

ಉದ್ದದ ವಾಯ್ಸ್ ಮೆಸೇಜ್ ಬದಲು ಎರಡು ಸಾಲು ಬರೆಯಿರಿ. ಬಸ್ಸಿನಲ್ಲಿ ನಿಂತು ಕೇಳಲು ಆಗುವುದಿಲ್ಲ. ರಾತ್ರಿ 10ರ ಮೇಲೆ ತುರ್ತು ಇದ್ದರೆ ನೇರ ಫೋನ್ ಮಾಡಿ, ಎತ್ತುತ್ತೇನೆ.

ಶನಿವಾರ ಲಿಫ್ಟ್ ರಿಪೇರಿ ಇದೆ. ಆ ಮೆಸೇಜನ್ನು ಪಿನ್ ಮಾಡಿದ್ದೇನೆ, 7 ದಿನ ಮೇಲೆಯೇ ಇರುತ್ತದೆ. ಅಜ್ಜಿಗೆ ನಾನೇ ಹೋಗಿ ಹೇಳಿ ಬರುತ್ತೇನೆ.